ಮಹಾಬಲಿಪುರಂಗೆ ಹೋದರೆ ಮೊದಲು ಯಾವುದನ್ನು ನೋಡಬೇಕು?

ಮಹಾಬಲಿಪುರಂಗೆ ಹೋಗುವ ನಮ್ಮವರಲ್ಲಿ ಹೆಚ್ಚಿನವರು ಚೆನ್ನೈ ಪ್ರವಾಸದ ನಡುವೆ ಅರ್ಧ ದಿನ ಬಿಡುವು ಮಾಡಿಕೊಂಡು ಹೋಗುತ್ತಾರೆ. ಕಾರು ನೇರವಾಗಿ ಕಡಲತೀರದ ದೇಗುಲದ ಬಳಿ ನಿಲ್ಲುತ್ತದೆ. ಅಲ್ಲಿಂದ ಪಂಚರಥ, ನಡುವೆ ಬೆಣ್ಣೆಯುಂಡೆ ಎಂದು ಕರೆಯುವ ದೊಡ್ಡ ಗುಂಡಿನ ಮುಂದೆ ಒಂದು ಫೋಟೊ, ಊಟದ ಹೊತ್ತಿಗೆ ವಾಪಸು. ಹೀಗೆ ನೋಡಿ ಬಂದವರಿಗೆ ಊರಿನ ಅತ್ಯುತ್ತಮ ಕೆಲಸಗಳೆರಡು ಕೈತಪ್ಪಿರುತ್ತವೆ. ಒಂದು, ಬಸ್ ನಿಲ್ದಾಣದ ಹತ್ತಿರ ರಸ್ತೆಯ ಬದಿಯಲ್ಲೇ ಇರುವ ಗಂಗಾವತರಣದ ಬಂಡೆ. ಇನ್ನೊಂದು, ಅದರ ಹಿಂದಿನ ಗುಡ್ಡದಲ್ಲಿರುವ ಮಹಿಷಮರ್ದಿನಿ ಗುಹೆ. ಮೊದಲನೆಯದನ್ನು ಕಾರಿನ ಕಿಟಕಿಯಿಂದಲೇ ನೋಡಿ ಮುಂದೆ ಹೋಗುವವರಿದ್ದಾರೆ. ಎರಡನೆಯದರ ಹೆಸರನ್ನೂ ಕೇಳದೆ ಹೊರಡುವವರು ಅದಕ್ಕಿಂತ ಹೆಚ್ಚು.

ಹಾಗಾಗಿ ನನ್ನ ಸಲಹೆಯನ್ನು ಮೊದಲಿಗೇ ಹೇಳಿಬಿಡುತ್ತೇನೆ. ಮೂರು ಗಂಟೆ ಮಾತ್ರ ಇದ್ದರೆ ಬಂಡೆಯನ್ನೂ ಗುಡ್ಡವನ್ನೂ ನೋಡಿ, ಉಳಿದದ್ದನ್ನು ಇನ್ನೊಮ್ಮೆಗೆ ಇಟ್ಟುಕೊಳ್ಳಿ. ಇಡೀ ದಿನವಿದ್ದರೆ ಪಂಚರಥವನ್ನು ಸೇರಿಸಿಕೊಳ್ಳಿ. ಕಡಲತೀರದ ದೇಗುಲವನ್ನು ಕೊನೆಗೆ ಇಟ್ಟುಕೊಳ್ಳಿ. ಎಲ್ಲರೂ ಹೇಳುವ ಕ್ರಮಕ್ಕೆ ಇದು ತಲೆಕೆಳಗು ಎಂದು ಗೊತ್ತು. ಕಾರಣಗಳನ್ನು ಒಂದೊಂದಾಗಿ ಹೇಳುತ್ತೇನೆ. ನಿಮ್ಮ ಆಸಕ್ತಿ ಬೇರೆಯಿದ್ದರೆ ಕ್ರಮವನ್ನು ಬದಲಾಯಿಸಿಕೊಳ್ಳಲು ಬೇಕಾದಷ್ಟು ವಿವರವೂ ಇಲ್ಲಿದೆ.

ಕನ್ನಡಿಗರಿಗೆ ಈ ಊರು ಪರಕೀಯವಲ್ಲ

ಊರಿನ ಅಧಿಕೃತ ಹೆಸರು ಮಾಮಲ್ಲಪುರಂ. ಮಾಮಲ್ಲ ಎಂಬುದು ಪಲ್ಲವ ದೊರೆ ಒಂದನೆಯ ನರಸಿಂಹವರ್ಮನ ಬಿರುದು. ನಾವು ಶಾಲೆಯಲ್ಲಿ ಓದಿದ ಇಮ್ಮಡಿ ಪುಲಕೇಶಿಯ ಎದುರಾಳಿ ಈತನೇ. 634ರ ಐಹೊಳೆ ಶಾಸನದಲ್ಲಿ ರವಿಕೀರ್ತಿ, ಪುಲಕೇಶಿಯ ಸೇನೆಯ ಧೂಳಿಗೆ ಪಲ್ಲವರ ದೊರೆ ಕಾಂಚಿಯ ಕೋಟೆಗೋಡೆಗಳ ಹಿಂದೆ ಮರೆಯಾದ ಎಂದು ಹೊಗಳಿದ. ಹತ್ತು ವರ್ಷ ಕಳೆಯುವುದರೊಳಗೆ, ಸುಮಾರು 642ರಲ್ಲಿ, ನರಸಿಂಹವರ್ಮ ವಾತಾಪಿಗೆ, ಅಂದರೆ ಇಂದಿನ ಬಾದಾಮಿಗೆ, ನುಗ್ಗಿ ಅದನ್ನು ವಶಪಡಿಸಿಕೊಂಡ. ಬಾದಾಮಿಯ ಬಂಡೆಯೊಂದರ ಮೇಲೆ ಅವನ ಶಾಸನ ಇಂದಿಗೂ ಇದೆ. ಅದಾದ ಸುಮಾರು ನೂರು ವರ್ಷಗಳ ಬಳಿಕ ಚಾಲುಕ್ಯರ ಇಮ್ಮಡಿ ವಿಕ್ರಮಾದಿತ್ಯ ಕಾಂಚಿಯನ್ನು ಗೆದ್ದ. ಗೆದ್ದವನು ಊರನ್ನು ಹಾಳುಗೆಡವಲಿಲ್ಲ. ಅಲ್ಲಿನ ಕೈಲಾಸನಾಥ ದೇಗುಲದ ಸಂಪತ್ತನ್ನು ದೇವರಿಗೇ ಮರಳಿಸಿ, ಆ ವಿಷಯವನ್ನು ಅಲ್ಲೇ ಒಂದು ಕಂಬದ ಮೇಲೆ ಕನ್ನಡದಲ್ಲಿ ಬರೆಸಿದ. ಅವನ ರಾಣಿ ಲೋಕಮಹಾದೇವಿ ಈ ಗೆಲುವಿನ ನೆನಪಿಗೆ ಪಟ್ಟದಕಲ್ಲಿನ ವಿರೂಪಾಕ್ಷ ದೇಗುಲವನ್ನು ಕಟ್ಟಿಸಿದಳು.

ಒಂದು ಶತಮಾನಕ್ಕೂ ಹೆಚ್ಚು ಕಾಲ ಎರಡು ರಾಜಮನೆತನಗಳು ಕಾದಾಡಿದವು. ಅದೇ ಅವಧಿಯಲ್ಲಿ ಎರಡೂ ಕಡೆಯ ಶಿಲ್ಪಿಗಳು ಒಬ್ಬರಿಂದೊಬ್ಬರು ಕಲಿತರು. ಆದ್ದರಿಂದ ಬಾದಾಮಿ, ಐಹೊಳೆ, ಪಟ್ಟದಕಲ್ಲುಗಳನ್ನು ಒಮ್ಮೆಯಾದರೂ ನೋಡಿದವರಿಗೆ ಮಹಾಬಲಿಪುರಂ ಬೇರೆಯವರಿಗಿಂತ ಹೆಚ್ಚು ಕೊಡುತ್ತದೆ. ಇನ್ನೂ ನೋಡಿಲ್ಲವಾದರೆ ಹೊರಡುವ ಮುನ್ನ ಬಾದಾಮಿಯ ಮೂರನೆಯ ಗುಹೆ ಮತ್ತು ಐಹೊಳೆಯ ದುರ್ಗ ದೇಗುಲದ ಚಿತ್ರಗಳನ್ನಾದರೂ ನೋಡಿಕೊಳ್ಳಿ. ಒಂದು ಮುಖ್ಯ ವ್ಯತ್ಯಾಸವನ್ನು ನೆನಪಿನಲ್ಲಿಡಬೇಕು. ನಮ್ಮ ಚಾಲುಕ್ಯರದು ಮರಳುಗಲ್ಲು, ಉಳಿಗೆ ಒಲಿಯುವ ಕಲ್ಲು. ಇಲ್ಲಿಯದು ಗ್ರಾನೈಟ್. ಒಂದು ಬೆರಳು ಮೂಡಿಸಲು ಇಲ್ಲಿನ ಶಿಲ್ಪಿ ಪಟ್ಟ ಪಾಡು ಬಾದಾಮಿಯ ಶಿಲ್ಪಿಗಿಂತ ಬಹಳ ಹೆಚ್ಚು. ಅದಕ್ಕೇ ಇಲ್ಲಿನ ಶಿಲ್ಪಗಳಲ್ಲಿ ಆಭರಣ ಕಡಿಮೆ, ಮೈಯ ನಿಲುವಿಗೆ ಗಮನ ಹೆಚ್ಚು.

ಗಂಗಾವತರಣದ ಬಂಡೆ

ಸುಮಾರು 29 ಮೀಟರ್ ಅಗಲ, 13 ಮೀಟರ್ ಎತ್ತರದ, ಒಂದಕ್ಕೊಂದು ತಾಗಿಕೊಂಡ ಎರಡು ಬಂಡೆಗಳು, ನಡುವೆ ಒಂದು ಸೀಳು. ಆ ಸೀಳನ್ನೇ ಶಿಲ್ಪಿಗಳು ನದಿ ಮಾಡಿದರು. ಬಂಡೆಯ ನೆತ್ತಿಯ ಮೇಲೆ ನೀರಿನ ತೊಟ್ಟಿಯ ಕುರುಹು ಸಿಕ್ಕಿದೆ. ವಿಶೇಷ ದಿನಗಳಲ್ಲಿ ಅಲ್ಲಿಂದ ನೀರು ಬಿಟ್ಟಾಗ ಸೀಳಿನಲ್ಲಿ ಕೆತ್ತಿದ ನಾಗರಾಜನೂ ನಾಗಿಣಿಯೂ ನಿಜವಾದ ಹರಿವಿನಲ್ಲಿ ಈಜಿದಂತೆ ಕಾಣುತ್ತಿದ್ದಿರಬೇಕು. ಎರಡೂ ದಡಗಳಿಂದ ದೇವತೆಗಳು, ಗಂಧರ್ವರು, ಬೇಡರು, ಸಿಂಹ, ಜಿಂಕೆ, ಆನೆಗಳು ಎಲ್ಲವೂ ಆ ಸೀಳಿನ ಕಡೆಗೇ ಮುಖಮಾಡಿ ಬರುತ್ತಿವೆ. ನೂರಕ್ಕೂ ಹೆಚ್ಚು ಆಕೃತಿಗಳಿದ್ದರೂ ಗದ್ದಲವೆನ್ನಿಸುವುದಿಲ್ಲ. ಎಲ್ಲರಿಗೂ ಹೋಗುವ ದಿಕ್ಕು ಒಂದೇ.

ಇದನ್ನು ಅರ್ಜುನನ ತಪಸ್ಸು ಎನ್ನುವವರಿದ್ದಾರೆ, ಭಗೀರಥನ ತಪಸ್ಸು ಎನ್ನುವವರೂ ಇದ್ದಾರೆ. ಎಡಭಾಗದ ಮೇಲ್ಗಡೆ ಶಿವನ ಪಕ್ಕದಲ್ಲಿ ಒಂಟಿಕಾಲಿನಲ್ಲಿ ನಿಂತು ಕೈಗಳನ್ನು ಮೇಲೆತ್ತಿದ ತಪಸ್ವಿಯೊಬ್ಬನಿದ್ದಾನೆ. ಪಕ್ಕೆಲುಬು ಎಣಿಸಬಹುದಾದಷ್ಟು ಸೊರಗಿದ್ದಾನೆ. ಯಕ್ಷಗಾನದಲ್ಲಿ ಕಿರಾತಾರ್ಜುನದ ಕಥೆಯನ್ನು ನೋಡಿ ಬೆಳೆದವರಿಗೆ ಅವನು ಪಾಶುಪತಾಸ್ತ್ರಕ್ಕಾಗಿ ನಿಂತ ಅರ್ಜುನನಾಗಿಯೇ ಕಾಣುತ್ತಾನೆ. ಸೀಳಿನಲ್ಲಿ ನೀರು ಹರಿಯುತ್ತಿತ್ತು ಎಂಬುದನ್ನು ಒಪ್ಪಿದ ಮೇಲೆ ಭಗೀರಥನನ್ನು ಬಿಟ್ಟುಕೊಡುವುದು ಕಷ್ಟ. ವಿದ್ವಾಂಸರ ವಾದ ಇನ್ನೂ ಮುಗಿದಿಲ್ಲ. ನಾನು ಭಗೀರಥನ ಕಡೆಯವನು. ಆದರೆ ಯಾವ ಕಥೆಯಿಟ್ಟುಕೊಂಡು ನೋಡಿದರೂ ಬಂಡೆ ತುಂಬುತ್ತದೆ, ಬಹುಶಃ ಶಿಲ್ಪಿಗಳಿಗೆ ಬೇಕಾಗಿದ್ದುದೂ ಅದೇ.

ಇಲ್ಲಿ ಕನಿಷ್ಠ ಮುಕ್ಕಾಲು ಗಂಟೆ ನಿಲ್ಲಿ. ಮೊದಲು ರಸ್ತೆಯ ಆಚೆ ಬದಿಯಿಂದ ಇಡೀ ಬಂಡೆಯನ್ನು ನೋಡಿ, ಆಮೇಲೆ ಹತ್ತಿರ ಬನ್ನಿ. ಬಲಗಡೆ ದೊಡ್ಡ ಸಲಗವಿದೆ. ಅದರ ಹೊಟ್ಟೆಯ ಕೆಳಗೆ ಮರಿಗಳು ಬೆಚ್ಚಗೆ ಸೇರಿಕೊಂಡಿವೆ. ಆನೆಯ ಬಳಿಯಲ್ಲೇ ಒಂದು ಬೆಕ್ಕು ಹಿಂಗಾಲುಗಳ ಮೇಲೆ ನಿಂತು ಮುಂಗಾಲುಗಳನ್ನು ತಲೆಯ ಮೇಲೆತ್ತಿದೆ. ಅದರ ಸುತ್ತ ಇಲಿಗಳು ನಿರ್ಭಯವಾಗಿ ಓಡಾಡುತ್ತಿವೆ. ಮೇಲಿನ ತಪಸ್ವಿಯ ಭಂಗಿಯನ್ನೇ ಈ ಬೆಕ್ಕು ನಕಲು ಮಾಡಿದೆ ಎಂಬುದು ಹೊಳೆದಾಗ ಮಕ್ಕಳು ಕುಣಿದಾಡುತ್ತಾರೆ. ಮಾರ್ಜಾಲ ಸಂನ್ಯಾಸಿಯ ಕಥೆಯನ್ನು ಹೇಳಲು ಇದಕ್ಕಿಂತ ಒಳ್ಳೆಯ ಜಾಗ ಸಿಗದು. ಇನ್ನೊಂದು ಕಡೆ, ನದಿಯ ದಡದಲ್ಲಿ, ಮಿಂದು ಬಂದವನೊಬ್ಬ ತನ್ನ ವಸ್ತ್ರವನ್ನು ಹಿಂಡುತ್ತಿದ್ದಾನೆ. ಎರಡು ಕೈಗಳ ನಡುವೆ ಬಟ್ಟೆ ಹುರಿಗೊಂಡಿರುವುದು ಕಲ್ಲಿನಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಪಕ್ಕದವನ ಹೆಗಲ ಮೇಲೆ ನೀರಿನ ಕೊಡ. ಕೆಳಗೊಂದು ಜೋಡಿ ಜಿಂಕೆ, ಅದರಲ್ಲೊಂದು ಹಿಂಗಾಲೆತ್ತಿ ಮೂಗು ಕೆರೆದುಕೊಳ್ಳುತ್ತಿದೆ. ಗಂಗೆಯನ್ನೇ ಭೂಮಿಗೆ ಇಳಿಸುವ ಮಹಾಪ್ರಸಂಗದ ನಡುವೆ ಮೂಗು ಕೆರೆದುಕೊಳ್ಳುವ ಜಿಂಕೆಗೂ ಜಾಗ ಕೊಟ್ಟ ಮನಸ್ಸು ಯಾರದೋ, ಅವರ ಹೆಸರು ನಮಗೆ ಸಿಕ್ಕಿಲ್ಲ.

ಬಂಡೆಗೆ ತಾಗಿದಂತೆ ಎಡಗಡೆ ಕೃಷ್ಣ ಮಂಟಪವಿದೆ. ಹೊರಗಿನ ಕಂಬಗಳ ಮಂಟಪ ವಿಜಯನಗರ ಕಾಲದ ಸೇರ್ಪಡೆ. ಒಳಗಿನ ಕೆತ್ತನೆ ಪಲ್ಲವರದು. ಕೃಷ್ಣ ಗೋವರ್ಧನವನ್ನು ಎತ್ತಿದ್ದಾನೆ. ಅವನ ಪಕ್ಕದಲ್ಲಿ ಒಬ್ಬ ಗೊಲ್ಲ ಕುಕ್ಕರಗಾಲಿನಲ್ಲಿ ಕುಳಿತು ಹಾಲು ಕರೆಯುತ್ತಿದ್ದಾನೆ, ಹಸು ಕರುವನ್ನು ನೆಕ್ಕುತ್ತಿದೆ. ಗುಡ್ಡವೇ ನೆತ್ತಿಯ ಮೇಲಿದ್ದರೂ ಹಾಲು ಕರೆಯುವ ಕೆಲಸ ನಿಂತಿಲ್ಲ. ಹೈನುಗಾರಿಕೆಯ ಮನೆಯಲ್ಲಿ ಬೆಳೆದ ಯಾರಾದರೂ ಜೊತೆಗಿದ್ದರೆ ಅವರನ್ನು ಇಲ್ಲಿ ನಿಲ್ಲಿಸಿ. ಹಸು ಕತ್ತು ತಿರುಗಿಸಿದ ರೀತಿ ಎಷ್ಟು ನಿಜ ಎಂಬುದನ್ನು ಅವರೇ ಹೇಳುತ್ತಾರೆ.

ಗುಡ್ಡದ ಗುಹೆಗಳು

ಬಂಡೆಯ ಹಿಂದೆ ಗುಡ್ಡ. ಅದರ ಮೇಲೆ ಗಣೇಶ ರಥ, ತ್ರಿಮೂರ್ತಿ ಗುಹೆ, ವರಾಹ ಗುಹೆ, ವಿಜಯನಗರ ಕಾಲದ ಅಪೂರ್ಣ ರಾಯಗೋಪುರ, ಮಹಿಷಮರ್ದಿನಿ ಗುಹೆ, ಅದರ ಮೇಲೆ ಓಲಕ್ಕಣ್ಣೇಶ್ವರ ಗುಡಿ, ಪಕ್ಕದಲ್ಲಿ ಲೈಟ್‌ಹೌಸ್. ಎಲ್ಲವನ್ನೂ ನೋಡಿದರೆ ಎರಡು ಗಂಟೆ ಬೇಕು. ಸಮಯ ಕಡಿಮೆಯಿದ್ದರೆ ವರಾಹ ಮತ್ತು ಮಹಿಷಮರ್ದಿನಿ ಎರಡು ಸಾಕು. ಮಕ್ಕಳು ಬೆಣ್ಣೆಯುಂಡೆಯನ್ನು ಬಿಡುವುದಿಲ್ಲ. ಇಳಿಜಾರಿನ ಬಂಡೆಯ ಮೇಲೆ ಸುಮಾರು 250 ಟನ್ ತೂಕದ ಗುಂಡು ಜಾರದೆ ನಿಂತಿರುವುದು ಪ್ರಕೃತಿಯ ಸೋಜಿಗ, ಕಲೆಯಲ್ಲ. ಹತ್ತು ನಿಮಿಷ ಕೊಟ್ಟರೆ ಸಾಕು.

ವರಾಹ ಗುಹೆ ಬಾದಾಮಿಗೆ ಹೋಗಿ ಬಂದವರಿಗಾಗಿಯೇ ಇರುವಂಥದ್ದು. ಭೂದೇವಿಯನ್ನು ಎತ್ತಿದ ವರಾಹ, ಕಾಲೆತ್ತಿದ ತ್ರಿವಿಕ್ರಮ, ಎರಡೂ ಬಾದಾಮಿಯಲ್ಲಿವೆ. ಅಲ್ಲಿ ಅವರು ಭಿತ್ತಿಯನ್ನು ತುಂಬಿ ನಿಂತ ವೀರರು. ಇಲ್ಲಿ ಅಷ್ಟು ದರ್ಪವಿಲ್ಲ. ಇಲ್ಲಿನ ವರಾಹ ಭೂದೇವಿಯನ್ನು ತೊಡೆಯ ಮೇಲೆ ಆನಿಸಿಕೊಂಡು ಅವಳ ಕಡೆ ಬಾಗಿದ್ದಾನೆ. ಗುಹೆಯ ಕಂಬಗಳ ಬುಡದಲ್ಲಿ ಕುಳಿತ ಸಿಂಹಗಳಿವೆ. ಈ ಸಿಂಹಗಂಬ ಪಲ್ಲವರ ಗುರುತು. ಇದನ್ನೊಮ್ಮೆ ಗುರುತಿಸಲು ಕಲಿತರೆ ಮುಂದೆ ಕಾಂಚಿಯಲ್ಲಿ ಎಲ್ಲೆಲ್ಲೂ ಇದೇ ಕಾಣುತ್ತದೆ.

ಮಹಿಷಮರ್ದಿನಿ ಗುಹೆಗೆ ನಾನು ಈ ಊರಿನಲ್ಲಿ ಮೊದಲ ಸ್ಥಾನ ಕೊಡುತ್ತೇನೆ, ಗಂಗಾವತರಣಕ್ಕಿಂತಲೂ ಒಂದು ಕೂದಲೆಳೆ ಮೇಲೆ. ಚಿಕ್ಕ ಗುಹೆ. ಒಂದು ಪಕ್ಕದ ಗೋಡೆಯಲ್ಲಿ ಯುದ್ಧ, ಎದುರು ಪಕ್ಕದ ಗೋಡೆಯಲ್ಲಿ ನಿದ್ರೆ. ಯುದ್ಧದ ಗೋಡೆಯಲ್ಲಿ ಎಂಟು ಕೈಗಳ ದುರ್ಗೆ ಸಿಂಹವನ್ನೇರಿ ಬಿಲ್ಲೆಳೆಯುತ್ತ ಮುನ್ನುಗ್ಗುತ್ತಿದ್ದಾಳೆ. ಅವಳ ಸುತ್ತ ಗುಜ್ಜಾರಿ ಗಣಗಳು. ಎದುರಿಗೆ ಮಹಿಷ, ಕೋಣನ ತಲೆ, ಮನುಷ್ಯನ ಮೈ, ಕೈಯಲ್ಲಿ ಗದೆ. ಅವನ ಮೈ ಹಿಂದಕ್ಕೆ ವಾಲಿದೆ. ಆದರೆ ಸೋತಿಲ್ಲ, ಗದೆಯ ಹಿಡಿತ ಬಿಟ್ಟಿಲ್ಲ. ಐಹೊಳೆಯ ದುರ್ಗ ದೇಗುಲದ ಮಹಿಷಮರ್ದಿನಿಯನ್ನು ಇಲ್ಲಿ ನೆನೆಯಬೇಕು. ಅಲ್ಲಿ ಯುದ್ಧ ಮುಗಿದಿದೆ, ತ್ರಿಶೂಲ ಇಳಿದಿದೆ, ದೇವಿಯ ಗೆಲುವು ಖಚಿತ. ಇಲ್ಲಿ ಯುದ್ಧ ಇನ್ನೂ ನಡೆಯುತ್ತಿದೆ. ನಮ್ಮವರು ಗೆಲುವನ್ನು ಕೆತ್ತಿದರು, ಇವರು ಗೆಲ್ಲುವ ಮುಂಚಿನ ಕ್ಷಣವನ್ನು ಆರಿಸಿಕೊಂಡರು. ಮಹಿಷನಿಗೂ ಘನತೆ ಕೊಟ್ಟು ಕೆತ್ತಿದ ಕಾರಣಕ್ಕೆ ದೇವಿಯ ಬಲ ಇನ್ನಷ್ಟು ಹೆಚ್ಚಾಗಿ ಕಾಣುತ್ತದೆ.

ಈಗ ಹಿಂದಿರುಗಿ ಎದುರಿನ ಗೋಡೆಯನ್ನು ನೋಡಿ. ಅನಂತನ ಮೇಲೆ ವಿಷ್ಣು ಮಲಗಿದ್ದಾನೆ. ಉದ್ದಕ್ಕೆ ಚಾಚಿದ ಮೈಯಲ್ಲಿ ಬಿಗಿತವೇ ಇಲ್ಲ. ಕಾಲ ಬಳಿ ಮಧು ಕೈಟಭರು ಗದೆ ಹಿಡಿದು ಸಂಚು ಹೂಡುತ್ತಿದ್ದಾರೆ. ಆಯುಧಗಳು ಮನುಷ್ಯರೂಪ ತಾಳಿ ಕಾವಲಿಗೆ ಎದ್ದಿವೆ. ಮಲಗಿದವನಿಗೆ ಇದಾವುದರ ಪರಿವೆಯೂ ಇಲ್ಲ. ಕೆಲವು ಹೆಜ್ಜೆಗಳ ಅಂತರದಲ್ಲಿ ಇಷ್ಟು ಚಲನೆಯನ್ನೂ ಇಷ್ಟು ನಿಶ್ಚಲತೆಯನ್ನೂ ಎದುರುಬದುರು ಇಟ್ಟ ಇನ್ನೊಂದು ಕೋಣೆಯನ್ನು ದಕ್ಷಿಣ ಭಾರತದಲ್ಲಿ ನಾನು ಕಂಡಿಲ್ಲ. ಗುಂಪು ಬಂದರೆ ಹೊರಗೆ ನಿಂತು, ಅವರು ಹೋದ ಮೇಲೆ ಮತ್ತೆ ಒಳಗೆ ಹೋಗಿ.

ಮೇಲಿನ ಓಲಕ್ಕಣ್ಣೇಶ್ವರ ಗುಡಿಯ ಮೇಲೆ ಹಿಂದೆ ಹಡಗುಗಳಿಗಾಗಿ ದೀಪ ಹಚ್ಚುತ್ತಿದ್ದರು. ಆಮೇಲೆ ಪಕ್ಕದಲ್ಲಿ ಈಗಿನ ಲೈಟ್‌ಹೌಸ್ ಬಂತು. ಮೆಟ್ಟಿಲು ಹತ್ತುವ ಶಕ್ತಿ ಇದ್ದರೆ ಹತ್ತಿ. ಮೇಲಿನಿಂದ ಕಡಲು, ಗುಡ್ಡ, ಊರು ಒಟ್ಟಾಗಿ ಕಂಡಾಗ, ಬಂದರು ನಗರವೊಂದು ಇಲ್ಲೇ ಏಕೆ ಬೆಳೆಯಿತು ಎಂಬುದು ತಿಳಿಯುತ್ತದೆ.

ಪಂಚರಥವೋ, ಕಡಲತೀರದ ದೇಗುಲವೋ?

ಎರಡಕ್ಕೂ ಒಂದೇ ಟಿಕೆಟ್. ಹಾಗಾಗಿ ಹಣಕ್ಕಾಗಿ ಒಂದನ್ನು ಬಿಡಬೇಕಾಗಿಲ್ಲ. ಆದರೆ ಬಿಸಿಲು ಮತ್ತು ಸಮಯ ಒಂದನ್ನು ಆರಿಸಿಕೊಳ್ಳುವಂತೆ ಮಾಡುತ್ತವೆ. ಕಟ್ಟಡ ಹೇಗೆ ಹುಟ್ಟಿತು ಎಂಬ ಕುತೂಹಲ ಇರುವವರಿಗೆ ಪಂಚರಥ. ಕಡಲಿನ ಸೊಬಗು ಬಯಸುವವರಿಗೆ ದೇಗುಲ. ನನ್ನ ಮತ ಪಂಚರಥಕ್ಕೆ.

ಪಂಚರಥಗಳಿಗೂ ಪಾಂಡವರಿಗೂ ಸಂಬಂಧವಿಲ್ಲ. ಹೆಸರುಗಳು ಆಮೇಲೆ ಬಂದವು. ಅವು ರಥಗಳೂ ಅಲ್ಲ, ಕಟ್ಟಿದ ಗುಡಿಗಳೂ ಅಲ್ಲ. ಒಂದೇ ಸಾಲು ಬಂಡೆಯನ್ನು ಮೇಲಿನಿಂದ ಕೆಳಕ್ಕೆ ಕೆತ್ತುತ್ತ ಬಂದು ಐದು ಬೇರೆ ಬೇರೆ ಆಕಾರಗಳನ್ನು ಬಿಡಿಸಿದ್ದಾರೆ. ದ್ರೌಪದಿ ರಥ ಹುಲ್ಲು ಹೊದಿಸಿದ ಗುಡಿಸಲಿನ ಪಡಿಯಚ್ಚು, ಒಳಗೆ ದುರ್ಗೆ. ಅವಳ ಕಾಲಡಿಯಲ್ಲಿ ತನ್ನ ತಲೆಯನ್ನೇ ಅರ್ಪಿಸಲು ಸಿದ್ಧನಾದ ಭಕ್ತ. ಅದೇ ಜಗತಿಯ ಮೇಲೆ ಎರಡು ಅಂತಸ್ತಿನ ಅರ್ಜುನ ರಥ. ಭೀಮ ರಥ ಉದ್ದನೆಯದು, ಗಾಡಿಯ ಕಮಾನಿನಂಥ ಸೂರು. ಧರ್ಮರಾಜ ರಥ ಎಲ್ಲಕ್ಕಿಂತ ಎತ್ತರ, ಮೂರು ಅಂತಸ್ತು. ಅದರ ಗೋಡೆಗಳಲ್ಲಿ ಹರಿಹರ, ಅರ್ಧನಾರೀಶ್ವರರ ಜೊತೆಗೆ ನರಸಿಂಹವರ್ಮನ ಮೂರ್ತಿಯೂ ಇದೆ ಎನ್ನುತ್ತಾರೆ. ಅವನ ಬಿರುದುಗಳು ಗ್ರಂಥ ಲಿಪಿಯಲ್ಲಿವೆ, ಅಂದರೆ ತಮಿಳುನಾಡಿನಲ್ಲಿ ಸಂಸ್ಕೃತ ಬರೆಯಲು ಬಳಸುತ್ತಿದ್ದ ಲಿಪಿಯಲ್ಲಿ. ನಕುಲ ಸಹದೇವ ರಥದ ಹಿಂಭಾಗ ಆನೆಯ ಬೆನ್ನಿನಂತೆ ದುಂಡಗಿದೆ, ಪಕ್ಕದಲ್ಲೇ ಒಂದು ಕಲ್ಲಾನೆಯನ್ನೂ ನಿಲ್ಲಿಸಿದ್ದಾರೆ. ಇದೇ ಗಜಪೃಷ್ಠ ಆಕಾರ ಐಹೊಳೆಯ ದುರ್ಗ ದೇಗುಲದಲ್ಲಿ ಇದೆ. ಅಲ್ಲಿ ಅದನ್ನು ಕಟ್ಟಿದ್ದಾರೆ, ಇಲ್ಲಿ ಕೆತ್ತಿದ್ದಾರೆ.

ಮರ, ಹುಲ್ಲು, ಇಟ್ಟಿಗೆಗಳಲ್ಲಿ ಕಟ್ಟುತ್ತಿದ್ದ ಗುಡಿಗಳೆಲ್ಲ ಕಾಲದಲ್ಲಿ ಕರಗಿಹೋದವು. ಅವು ಹೇಗಿದ್ದವು ಎಂಬುದನ್ನು ತೋರಿಸಲು ಉಳಿದ ಮಾದರಿ ಇದು. ಕೆಲಸ ಮುಗಿದಿಲ್ಲ ಎಂಬುದೇ ಇದರ ದೊಡ್ಡ ಲಾಭ. ಮೇಲ್ಭಾಗ ನುಣುಪಾಗಿ ಮುಗಿದಿದೆ, ಬುಡ ಒರಟಾಗಿಯೇ ಇದೆ. ಉಳಿಯ ಹೊಡೆತದ ಗುರುತುಗಳನ್ನು ಬೆರಳಳತೆಯ ದೂರದಿಂದ ನೋಡಬಹುದು. ವಾಸ್ತುಶಿಲ್ಪ ಓದುವ ಮಕ್ಕಳಿದ್ದರೆ ಇಲ್ಲಿಗೆ ಒಂದು ಪೂರ್ತಿ ಮಧ್ಯಾಹ್ನ ಕೊಡಿ.

ಕಡಲತೀರದ ದೇಗುಲ ಎಂಟನೆಯ ಶತಮಾನದ ಆರಂಭದ್ದು, ಇಮ್ಮಡಿ ನರಸಿಂಹವರ್ಮ ಅಂದರೆ ರಾಜಸಿಂಹನದು. ಇದು ಕಲ್ಲುಗಳನ್ನು ಜೋಡಿಸಿ ಕಟ್ಟಿದ ಗುಡಿ. ಎರಡು ಶಿವನ ಗರ್ಭಗುಡಿಗಳ ನಡುವೆ ನೆಲದ ಬಂಡೆಯಲ್ಲೇ ಕೆತ್ತಿದ ಮಲಗಿದ ವಿಷ್ಣು ಇದ್ದಾನೆ. ಸುಮಾರು 60 ಅಡಿ ಎತ್ತರದ ಸಪೂರ ವಿಮಾನ, ಅಂದರೆ ಗರ್ಭಗುಡಿಯ ಮೇಲಿನ ಗೋಪುರ, ಕಡಲಿನ ಹಿನ್ನೆಲೆಯಲ್ಲಿ ಚಂದವಾಗಿ ಕಾಣುತ್ತದೆ, ನಿಜ. ಹತ್ತಿರ ಹೋದಾಗ ಮನಸ್ಸು ಭಾರವಾಗುತ್ತದೆ. ಸಾವಿರದ ಮುನ್ನೂರು ವರ್ಷ ಉಪ್ಪುಗಾಳಿ ತಿಂದ ಮೂರ್ತಿಗಳ ಮೂಗು, ಕಣ್ಣು, ಬೆರಳುಗಳು ಸವೆದಿವೆ. ಪ್ರಾಕಾರದ ಗೋಡೆಯ ಮೇಲಿನ ನಂದಿಗಳಲ್ಲಿ ಕೆಲವು ಬರೀ ಉಬ್ಬುಗಳಾಗಿ ಉಳಿದಿವೆ. ಅಲೆಗಳನ್ನು ತಡೆಯಲು ಕಲ್ಲಿನ ಒಡ್ಡು ಹಾಕಿ, ಸರ್ವೆ ಮರಗಳನ್ನು ನೆಟ್ಟಿದ್ದಾರೆ. ಶಿಲ್ಪ ನೋಡಲು ಬಂದವರಿಗೆ ಇಲ್ಲಿ ಸಿಗುವುದು ಕಡಿಮೆ. ಆದರೆ ಹೊರಗೆ ಒಂದು ಸಿಂಹವಿದೆ, ಅದರ ಎದೆಯಲ್ಲೇ ಚಿಕ್ಕ ಗೂಡು ಕೊರೆದು ದುರ್ಗೆಯನ್ನು ಕೂರಿಸಿದ್ದಾರೆ. ಅದನ್ನು ತಪ್ಪದೆ ಹುಡುಕಿ. ಈ ದೇಗುಲವನ್ನು ಗಂಗಾವತರಣದ ಬಂಡೆ ನೋಡಿದ ಮೇಲೆ ನೋಡಿದರೆ ಕಳೆದುಹೋದದ್ದೇನು ಎಂಬ ಅಂದಾಜು ಸಿಗುತ್ತದೆ. ಮೊದಲೇ ನೋಡಿದರೆ ಪಲ್ಲವರ ಕೆಲಸವೆಂದರೆ ಇಷ್ಟೇ ಎನ್ನಿಸುವ ಅಪಾಯವಿದೆ. ಕೊನೆಗೆ ಇಟ್ಟುಕೊಳ್ಳಿ ಎಂದದ್ದು ಅದಕ್ಕೇ.

ಕಾರಿದ್ದರೆ ಉತ್ತರಕ್ಕೆ ಸುಮಾರು 5 ಕಿ.ಮೀ. ದೂರದ ಸಾಲುವನ್‌ಕುಪ್ಪಂಗೂ ಹೋಗಬಹುದು. ಯಾಳಿಗಳ, ಅಂದರೆ ಸಿಂಹವನ್ನು ಹೋಲುವ ಕಾಲ್ಪನಿಕ ಮೃಗಗಳ, ತಲೆಗಳು ಕಮಾನಿನಂತೆ ಸುತ್ತುವರಿದ ಹುಲಿ ಗುಹೆ ಅಲ್ಲಿದೆ. 2004ರ ಸುನಾಮಿಯ ಬಳಿಕ ಪುರಾತತ್ವ ಇಲಾಖೆ ಅಗೆದಾಗ ಸಿಕ್ಕ ಮುರುಗನ್ ದೇಗುಲದ ತಳಪಾಯವೂ ಅಲ್ಲೇ ಇದೆ. ಪಲ್ಲವರ ಕಟ್ಟಡದ ಕೆಳಗೆ ಅದಕ್ಕೂ ಹಳೆಯ ಇಟ್ಟಿಗೆ ಗುಡಿ ಹೊರಬಂದಿತು. ಇತಿಹಾಸದ ಹುಚ್ಚಿರುವವರಿಗೆ ಮಾತ್ರ ಇದನ್ನು ಹೇಳುತ್ತೇನೆ. ಉಳಿದವರಿಗೆ ಅಲ್ಲಿ ಕಾಣುವುದು ಇಟ್ಟಿಗೆ ಸಾಲುಗಳಷ್ಟೇ.

ಇಂದಿಗೂ ನಿಲ್ಲದ ಉಳಿಯ ಸದ್ದು

ಈ ಊರಿನಲ್ಲಿ ಕಲ್ಲುಕೆಲಸ ಹಳೆಯ ಕಥೆಯಾಗಿ ಉಳಿದಿಲ್ಲ. ಪಂಚರಥದ ರಸ್ತೆಯ ಇಕ್ಕೆಲಗಳಲ್ಲಿ ಶಿಲ್ಪಶಾಲೆಗಳಿವೆ. 1957ರಲ್ಲಿ ಸರ್ಕಾರ ಇಲ್ಲಿ ಶಿಲ್ಪ ತರಬೇತಿ ಕೇಂದ್ರ ತೆರೆಯಿತು. ಅದೇ ಇಂದಿನ ಸರ್ಕಾರಿ ವಾಸ್ತುಶಿಲ್ಪ ಮತ್ತು ಶಿಲ್ಪಕಲಾ ಕಾಲೇಜು. ಕನ್ಯಾಕುಮಾರಿಯ 133 ಅಡಿ ಎತ್ತರದ ತಿರುವಳ್ಳುವರ್ ಪ್ರತಿಮೆಯನ್ನು ರೂಪಿಸಿದ ಗಣಪತಿ ಸ್ಥಪತಿಗಳು ಬಹುಕಾಲ ಇದರ ಚುಕ್ಕಾಣಿ ಹಿಡಿದಿದ್ದರು. ಇಲ್ಲಿನ ಕಲ್ಲಿನ ಶಿಲ್ಪಗಳಿಗೆ 2017ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆಯೂ ಸಿಕ್ಕಿತು.

ಅಂಗಡಿಗಿಂತ ಕೆಲಸ ನಡೆಯುವ ಕೊಟ್ಟಿಗೆಯನ್ನು ಆರಿಸಿಕೊಳ್ಳಿ. ಒರಟು ಕತ್ತರಿಕೆಗೆ ಈಗ ಯಂತ್ರ ಬಂದಿದೆ, ಅದರ ಧೂಳೂ ಗದ್ದಲವೂ ಜೋರು. ಮುಖ ಬಿಡಿಸುವ ಹಂತಕ್ಕೆ ಬಂದಾಗ ಮಾತ್ರ ಉಳಿ ಸುತ್ತಿಗೆಗಳೇ ಬೇಕು. ಕಲ್ಲಿನ ಮೇಲೆ ಕೆಂಪು ಬಣ್ಣದಲ್ಲಿ ಎಳೆದ ಅಳತೆಯ ಗೆರೆಗಳನ್ನು ಶಿಲ್ಪಿ ಉಳಿಯಿಂದ ಅಳಿಸುತ್ತ, ಮತ್ತೆ ಎಳೆದುಕೊಳ್ಳುತ್ತ ಹೋಗುವುದನ್ನು ಅರ್ಧ ಗಂಟೆ ಕುಳಿತು ನೋಡಿ. ಬೆಳಗ್ಗೆ ಬಂಡೆಯ ಮೇಲೆ ಕಂಡದ್ದು ಆಗ ಇನ್ನೊಂದು ಬಗೆಯಲ್ಲಿ ಮನಸ್ಸಿಗೆ ಬರುತ್ತದೆ. ಕೊಳ್ಳುವುದಾದರೆ ಕಲ್ಲು ಯಾವುದೆಂದು ಕೇಳಿ. ಬಳಪದ ಕಲ್ಲಿನ ಚಿಕ್ಕ ಮೂರ್ತಿಗಳು ಅಗ್ಗ, ಅವುಗಳ ಮೇಲೆ ಉಗುರಿನಿಂದ ಗೀರಿದರೂ ಗುರುತು ಬೀಳುತ್ತದೆ. ಗ್ರಾನೈಟ್ ಮೇಲೆ ಬೀಳುವುದಿಲ್ಲ. ಬೇಲೂರು ಹಳೇಬೀಡಿನ ನಾಡಿನವರು ಬಳಪದ ಕಲ್ಲಿಗಾಗಿ ಇಷ್ಟು ದೂರ ಬರಬೇಕಾಗಿಲ್ಲ. ಇಲ್ಲಿಂದ ಒಯ್ಯುವುದಾದರೆ ಚಿಕ್ಕದಾದರೂ ಗ್ರಾನೈಟಿನದನ್ನೇ ಒಯ್ಯಿರಿ.

ಜೀವಂತ ಸಂಸ್ಕೃತಿಯನ್ನೇ ನೋಡಬೇಕೆನ್ನುವವರು ಪ್ರವಾಸದ ತಿಂಗಳನ್ನು ನೋಡಿ ಆರಿಸಿಕೊಳ್ಳಬೇಕು. ಡಿಸೆಂಬರ್ ಕೊನೆಯ ವಾರದಿಂದ ಜನವರಿಯವರೆಗೆ ಇಲ್ಲಿ ನೃತ್ಯೋತ್ಸವ ನಡೆಯುತ್ತದೆ. ಬಯಲು ವೇದಿಕೆಯಲ್ಲಿ ಭರತನಾಟ್ಯದಿಂದ ಹಿಡಿದು ಜನಪದ ಕುಣಿತದವರೆಗೆ ಇರುತ್ತದೆ. ಹಗಲು ಗುಡ್ಡ, ಸಂಜೆ ನೃತ್ಯ ಎಂದು ಒಂದು ದಿನವನ್ನು ಚೆನ್ನಾಗಿ ಹೊಂದಿಸಬಹುದು. ಫೆಬ್ರುವರಿ–ಮಾರ್ಚಿನಲ್ಲಿ ಬರುವ ಮಾಸಿ ಮಗಂ ಹುಣ್ಣಿಮೆಗೆ ಇರುಳರು ಎಂಬ ಬುಡಕಟ್ಟಿನವರು ನೂರಾರು ಕುಟುಂಬಗಳಾಗಿ ಕಡಲತೀರಕ್ಕೆ ಬಂದು ಬಿಡಾರ ಹೂಡುತ್ತಾರೆ. ಮರಳಿನಲ್ಲೇ ತಮ್ಮ ದೇವತೆ ಕನ್ನಿಯಮ್ಮನನ್ನು ಪೂಜಿಸುತ್ತಾರೆ, ಮದುವೆಗಳೂ ಅಲ್ಲೇ ನಡೆಯುತ್ತವೆ. ನೃತ್ಯೋತ್ಸವ ಪ್ರೇಕ್ಷಕರಿಗಾಗಿ ಇರುವುದು. ಮಾಸಿ ಮಗಂ ಅವರದೇ ಹಬ್ಬ. ಅಲ್ಲಿಗೆ ಹೋದರೆ ದೂರದಲ್ಲಿ ನಿಲ್ಲಿ, ಕೇಳದೆ ಫೋಟೊ ತೆಗೆಯಬೇಡಿ. ಪೂಜೆ ನಡೆಯುವ ಗುಡಿ ಬೇಕೆಂದರೆ ಊರ ನಡುವೆಯೇ ಸ್ಥಲಶಯನ ಪೆರುಮಾಳ್ ದೇಗುಲವಿದೆ. ಶ್ರೀವೈಷ್ಣವರು ದಿವ್ಯದೇಶ ಎಂದು ಕರೆಯುವ 108 ಪವಿತ್ರ ಕ್ಷೇತ್ರಗಳಲ್ಲಿ ಒಂದು. ದೇವರು ನೆಲದ ಮೇಲೆಯೇ ಮಲಗಿದ್ದಾನೆ.

ಚೆನ್ನೈ ದಾರಿಯೋ, ಕಾಂಚಿ ದಾರಿಯೋ?

ಚೆನ್ನೈಯಿಂದ ಮಹಾಬಲಿಪುರಂ ಸುಮಾರು 55 ಕಿ.ಮೀ. ಪೂರ್ವ ಕರಾವಳಿ ರಸ್ತೆಯ ಹಾದಿಯಲ್ಲಿ, ಮುಟ್ಟುಕಾಡಿನಲ್ಲಿ, ದಕ್ಷಿಣಚಿತ್ರ ಸಿಗುತ್ತದೆ. ದಕ್ಷಿಣದ ರಾಜ್ಯಗಳ ಹಳೆಯ ಮನೆಗಳನ್ನು ಬಿಚ್ಚಿ ತಂದು ಮತ್ತೆ ಕಟ್ಟಿದ ಬಯಲು ವಸ್ತುಸಂಗ್ರಹಾಲಯ ಇದು. 1996ರಲ್ಲಿ ತೆರೆಯಿತು, ವಾಸ್ತುಶಿಲ್ಪಿ ಲಾರಿ ಬೇಕರ್ ಇದರ ವಿನ್ಯಾಸಕ್ಕೆ ಕೈಜೋಡಿಸಿದ್ದರು. ಚೆಟ್ಟಿನಾಡಿನ ವ್ಯಾಪಾರಿಯ ಮನೆ, ಕೇರಳದ ಸಿರಿಯನ್ ಕ್ರೈಸ್ತರ ಮನೆಗಳ ಜೊತೆಗೆ ನಮ್ಮ ಇಳಕಲ್ಲಿನ ನೇಕಾರನ ಮನೆ ಮತ್ತು ಚಿಕ್ಕಮಗಳೂರಿನ ಮನೆಯೂ ಇಲ್ಲಿವೆ. ಇಳಕಲ್ ಮನೆಯ ದಪ್ಪ ಕಲ್ಲುಗೋಡೆಯನ್ನು ದಾಟಿ ಒಳಗೆ ಕಾಲಿಟ್ಟರೆ ಕರಾವಳಿಯ ಸೆಕೆ ತಟ್ಟನೆ ಇಳಿಯುತ್ತದೆ. ಉತ್ತರ ಕರ್ನಾಟಕದವರು ಇಲ್ಲಿಂದ ಬೇಗ ಹೊರಡುವುದಿಲ್ಲ. ಕುಂಬಾರನ ಚಕ್ರಕ್ಕೆ ಮಕ್ಕಳೂ ಕೈಹಚ್ಚಬಹುದು. ಅದೇ ದಾರಿಯಲ್ಲಿ, ಚೆನ್ನೈಗೆ ಇನ್ನೂ ಹತ್ತಿರ, 1966ರಲ್ಲಿ ಕಲಾವಿದರೇ ಸೇರಿ ಕಟ್ಟಿಕೊಂಡ ಚೋಳಮಂಡಲ ಕಲಾವಿದರ ಗ್ರಾಮವೂ ಇದೆ. ಆಧುನಿಕ ಚಿತ್ರಕಲೆ ಇಷ್ಟಪಡುವವರಿಗೆ ಅದು ಬಲು ಒಳ್ಳೆಯ ನಿಲುಗಡೆ.

ಬೆಂಗಳೂರಿನಿಂದ ಸ್ವಂತ ಕಾರಿನಲ್ಲಿ ಬರುವವರಿಗೆ ವೇಲೂರು, ಕಾಂಚಿ, ಚೆಂಗಲ್‌ಪಟ್ಟು ದಾರಿ ಅನುಕೂಲ. ಆಗ ಆಯ್ಕೆ ಕಾಂಚಿಯ ಕೈಲಾಸನಾಥ ಮತ್ತು ದಕ್ಷಿಣಚಿತ್ರದ ನಡುವೆ. ಚಿಕ್ಕ ಮಕ್ಕಳಿದ್ದರೆ ದಕ್ಷಿಣಚಿತ್ರ. ಅವರು ಗುಡಿಗಳಿಂದ ಬೇಸತ್ತಿರುತ್ತಾರೆ, ಮನೆಗಳಲ್ಲಿ ಓಡಾಡಲು ಇಷ್ಟಪಡುತ್ತಾರೆ. ಮಿಕ್ಕವರೆಲ್ಲ ಕಾಂಚಿಗೆ ಹೋಗಲೇಬೇಕು ಎಂಬುದು ನನ್ನ ಒತ್ತಾಯ. ಕಡಲತೀರದ ದೇಗುಲವನ್ನು ಕಟ್ಟಿಸಿದ ರಾಜಸಿಂಹನೇ ಕೈಲಾಸನಾಥವನ್ನೂ ಕಟ್ಟಿಸಿದ್ದು. ಸಿಂಹಗಂಬಗಳು ಅಲ್ಲಿ ಸಾಲುಸಾಲಾಗಿವೆ. ವಿಕ್ರಮಾದಿತ್ಯನ ಕನ್ನಡ ಶಾಸನ ಗರ್ಭಗುಡಿಯ ಎದುರಿನ ಮಂಟಪದ ಕಂಬದಲ್ಲಿದೆ. ತಾನಾಗಿ ಕಣ್ಣಿಗೆ ಬೀಳುವುದಿಲ್ಲ, ಅಲ್ಲಿನ ಸಿಬ್ಬಂದಿಯನ್ನು ಕೇಳಿದರೆ ತೋರಿಸುತ್ತಾರೆ.

ಹೊತ್ತು, ಬಿಸಿಲು, ಟಿಕೆಟ್

ಗಂಗಾವತರಣದ ಬಂಡೆ ಪೂರ್ವಕ್ಕೆ ಮುಖಮಾಡಿದೆ. ಬೆಳಗಿನ ಓರೆ ಬಿಸಿಲಿನಲ್ಲಿ ಉಬ್ಬುಗಳ ನೆರಳು ಎದ್ದು ಕಾಣುತ್ತದೆ. ಮಧ್ಯಾಹ್ನದ ಬಳಿಕ ಬಂಡೆ ಚಪ್ಪಟೆಯಾಗಿ ತೋರುತ್ತದೆ. ಪಂಚರಥಗಳಲ್ಲಿ ಹೆಚ್ಚಿನವು ಪಶ್ಚಿಮಕ್ಕೆ ಮುಖ ಮಾಡಿವೆ, ಅವುಗಳಿಗೆ ಮಧ್ಯಾಹ್ನ ಮೂರರ ನಂತರದ ಹೊತ್ತು ಸರಿ. ಹಾಗಾಗಿ ಬೆಳಗ್ಗೆ ಬಂಡೆ, ಬಿಸಿಲೇರುವ ಮುನ್ನ ಗುಡ್ಡ, ನಡುಹಗಲು ಊಟ ಮತ್ತು ಶಿಲ್ಪಶಾಲೆ, ಆಮೇಲೆ ಪಂಚರಥ, ಸಂಜೆ ಕಡಲು. ಒಂದೊಂದರ ನಡುವೆ ಒಂದು–ಒಂದೂವರೆ ಕಿಲೋಮೀಟರಿಗಿಂತ ಹೆಚ್ಚಿಲ್ಲ. ನಡೆಯಲಾಗದವರಿಗೆ ಆಟೊ ಸಿಗುತ್ತದೆ.

ಮಂಡಿನೋವಿನ ಹಿರಿಯರು ಜೊತೆಗಿದ್ದರೆ ಬಂಡೆ, ಕೃಷ್ಣ ಮಂಟಪ, ಪಂಚರಥ ಮೂರನ್ನೂ ಹತ್ತುವ ಇಳಿಯುವ ತೊಂದರೆಯಿಲ್ಲದೆ ತೋರಿಸಬಹುದು. ಗುಡ್ಡದಲ್ಲಿ ಮೆಟ್ಟಿಲುಗಳೂ ಜಾರುವ ಬಂಡೆಗಳೂ ಇವೆ. ಏಪ್ರಿಲ್–ಮೇ ತಿಂಗಳಲ್ಲಿ ಬರಬೇಡಿ, ಬರಿಗಾಲಿನಲ್ಲಿ ಕಲ್ಲಿನ ಮೇಲೆ ನಿಲ್ಲಲಾಗದು. ನಮ್ಮಲ್ಲಿ ಮಳೆ ಮುಗಿಯಿತು ಎಂದು ದಸರಾ ರಜೆಯಲ್ಲಿ ಹೊರಡುವವರು ಒಂದು ಮಾತು ನೆನಪಿಡಿ: ಈ ಕರಾವಳಿಗೆ ಹಿಂಗಾರು ಮಳೆ ಆಗಲೇ ಶುರುವಾಗುವುದು, ಅಕ್ಟೋಬರಿನಿಂದ ಡಿಸೆಂಬರಿನವರೆಗೂ ಸುರಿಯಬಹುದು. ಜನವರಿ ಮತ್ತು ಫೆಬ್ರುವರಿ ಎಲ್ಲಕ್ಕಿಂತ ಹಿತ.

ಪುರಾತತ್ವ ಇಲಾಖೆಯ ಟಿಕೆಟ್ ಭಾರತೀಯರಿಗೆ 40 ರೂಪಾಯಿ, 15 ವರ್ಷದೊಳಗಿನ ಮಕ್ಕಳಿಗೆ ಉಚಿತ. ಬೆಳಗ್ಗೆ ಕೊಂಡ ಟಿಕೆಟನ್ನೇ ಅದೇ ದಿನ ಉಳಿದ ಕಡೆಗಳಲ್ಲೂ ತೋರಿಸಬೇಕಾಗುತ್ತದೆ, ಎಸೆಯಬೇಡಿ. ಮಾರ್ಗದರ್ಶಕರನ್ನು ಕರೆದುಕೊಂಡರೆ ಯಾವ ಯಾವ ಜಾಗ, ಎಷ್ಟು ಹೊತ್ತು, ಎಷ್ಟು ಹಣ ಎಂಬುದನ್ನು ಮೊದಲೇ ಮಾತಾಡಿಕೊಳ್ಳಿ. ಮಹಿಷಮರ್ದಿನಿ ಗುಹೆಯ ಹೆಸರನ್ನು ನೀವೇ ಎತ್ತಿ. ದಕ್ಷಿಣಚಿತ್ರಕ್ಕೆ ಮಂಗಳವಾರ ರಜೆ, ಚೆನ್ನೈ ಕಡೆಯಿಂದ ಬರುವವರು ಆ ದಿನ ಬಿಟ್ಟು ಹೊರಡಿ.